ಅವಸ್ಥೆ ಎಂಬ ಮಾತು



ಕಳೆದ ತಿಂಗಳು ಭಾನುವಾರದ ಬಲಿಪೂಜೆಯ ನಂತರ ಯುವಜನರ ತರಗತಿಯಲ್ಲಿ ಏಳು ಸಂಸ್ಕಾರಗಳ ಪಾಠ ಮಾಡುತ್ತಿದ್ದೆ. ದೀಕ್ಷಾಸ್ನಾನದಿಂದ ಶುರುಮಾಡಿ ರೋಗಿಗಳ ಅಭ್ಯಂಗಕ್ಕೆ ಬಂದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಅಣ್ಣಾ, ನಮ್ಮಜ್ಜಿ ಇದನ್ನ ಅವಸ್ಥೆ ಎಣ್ಣೆ ಅಂತಾರೆ. ಅವಸ್ಥೆ ಅಂದ್ರೆ ಸಾಯೋದಾ?" ಎಂದು ಕೇಳಿದಳು. "ಹೌದು, ಸಾಯುವ ಕಾಲ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ. ಮನೆಗೆ ಬಂದ ಮೇಲೆ ಆ ಉತ್ತರ ಸರಿಯಿಲ್ಲ ಅನ್ನಿಸಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನವೆಂಬರ್ ನಾವು ಮೃತರಿಗಾಗಿ ಪ್ರಾರ್ಥಿಸುವ ತಿಂಗಳು. ಸಮಾಧಿಗಳಿಗೆ ಸುಣ್ಣ ಹೊಡೆದು, ಮೇಣದಬತ್ತಿ ಹಚ್ಚಿ ಬಂದ ಈ ದಿನಗಳಲ್ಲಿ ಇಂಥ ಮಾತನ್ನು ಎತ್ತಿದರೆ ಯಾರೂ ಅಪಶಕುನ ಎನ್ನಲಾರರು. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಅದು ನಮ್ಮ ಮನೆಯ ವಿಷಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಅಜ್ಜಿ, ಅಪ್ಪನ ತಾಯಿ, ಮೂತ್ರಪಿಂಡದ ಕಾಯಿಲೆಯಿಂದ ಹಾಸಿಗೆ ಹಿಡಿದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಮನೆಗೆ ಬಂದ ಮಾರನೇ ದಿನ ಅಜ್ಜಿ ನನ್ನನ್ನು, "ಸಾಮಿಯೋರು ಈ ಕಡೆ ಬಂದಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಸಂಜೆ ಮತ್ತೆ ಅದೇ ಪ್ರಶ್ನೆ. ದೊಡ್ಡಪ್ಪನಿಗೆ ಹೇಳಿದೆ. "ಈಗ್ಲೇ ಬ್ಯಾಡ ಕನಾ. ಸಾಮಿಯೋರು ಎಣ್ಣೆ ತಕಂಡು ಬಂದ್ರೆ ಅವ್ವ ಎದೆ ಒಡ್ಕತಳೆ. ಅವಸ್ಥೆ ಆದಾಗ ಕರ್ಸದ್ರಾಯ್ತು" ಎಂದರು. ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾನು ಸಂಸ್ಕಾರಗಳ ಪಾಠ ಹೇಳಿಕೊಡುವವನು. ಬೈಕಿನ ಕೀಲಿ ಜೇಬಿನಲ್ಲೇ ಇತ್ತು. ಆದರೂ ಸುಮ್ಮನಾದೆ. ಮೂರನೇ ರಾತ್ರಿ ಅಜ್ಜಿಗೆ ಮಾತು ನಿಂತಿತು. ಬೆಳಗಿನ ಜಾವ ಸ್ವಾಮಿಯವರು ಓಡೋಡಿ ಬಂದು ಅಭ್ಯಂಗ ಮಾಡಿದರು, ಪ್ರಾರ್ಥನೆ ಹೇಳಿದರು. ಪರಮಪ್ರಸಾದವನ್ನೂ ತಂದಿದ್ದರು. ಅಜ್ಜಿಗೆ ನುಂಗಲು ಆಗಲಿಲ್ಲ. ಅದನ್ನು ಹಾಗೆಯೇ ದೇವಾಲಯಕ್ಕೆ ವಾಪಸ್ ಕೊಂಡೊಯ್ದರು. ಭಾನುವಾರದ ಪೂಜೆಗೆ ಮಳೆಯಲ್ಲೂ ನಡೆದುಕೊಂಡೇ ಬರುತ್ತಿದ್ದ ಹೆಂಗಸು ನಮ್ಮಜ್ಜಿ.

ಅಂದರೆ ನಾವು ಮೂರು ದಿನ ಕಾದದ್ದು "ಅವಸ್ಥೆ" ಎಂಬ ಒಂದು ಪದಕ್ಕಾಗಿ. ಆ ಪದವಾದರೂ ಏನು ಹೇಳುತ್ತದೆ, ನೋಡೋಣ.

ಇದು ಸಂಸ್ಕೃತದಿಂದ ಬಂದ ಪದ. "ಅವ" ಎಂಬ ಉಪಸರ್ಗ, "ಸ್ಥಾ" ಎಂಬ ಧಾತು. ಸ್ಥಾ ಎಂದರೆ ನಿಲ್ಲು. ಸ್ಥಾನ, ಸ್ಥಿತಿ, ಸ್ಥಳ ಎಲ್ಲವೂ ಅದೇ ಬೇರಿನವು. ಒಬ್ಬನು ಯಾವುದರಲ್ಲಿ ನೆಲೆನಿಂತಿದ್ದಾನೋ ಅದು ಅವನ ಅವಸ್ಥೆ. ಹಾಗಾಗಿ ಬಾಲ್ಯಾವಸ್ಥೆ, ವೃದ್ಧಾವಸ್ಥೆ ಎನ್ನುತ್ತೇವೆ. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ರೇಷ್ಮೆಹುಳು ಗೂಡಿನೊಳಗೆ ಇರುವ ಕಾಲಕ್ಕೆ ಕನ್ನಡದ ಪುಸ್ತಕಗಳಲ್ಲಿ ಕೋಶಾವಸ್ಥೆ ಎಂದೇ ಹೆಸರು. ಎಲ್ಲಿಯೂ "ಮುಗಿಯಿತು" ಎಂಬ ಅರ್ಥ ಇಲ್ಲ. ಆಡುಮಾತಿನಲ್ಲಿ ಮಾತ್ರ ಪದಕ್ಕೆ ಸ್ವಲ್ಪ ಕಷ್ಟದ ಬಣ್ಣ ಹತ್ತಿದೆ. "ಅವನ ಅವಸ್ಥೆ ನೋಡಕ್ಕಾಗಲ್ಲ" ಎಂದರೆ ಪಾಡು, ಫಜೀತಿ ಎಂದು ಅರ್ಥ. ಚಾಮರಾಜನಗರದ ಸಂತೆಯಲ್ಲಿ ನಿಂತು ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ. ಸಾವು ಎನ್ನುವುದಿಲ್ಲ.

ಆದರೆ ನಮ್ಮ ತಾಳವಾಡಿ ಸೀಮೆಯ ಕಥೋಲಿಕರ ಮನೆಗಳಲ್ಲಿ "ಅವಸ್ಥೆ ಆಗದೆ" ಎಂದರೆ ಪಕ್ಕದ ಮನೆಯವರು ಒಲೆ ಆರಿಸಿ ಓಡಿ ಬರುತ್ತಾರೆ. ಈ ಅರ್ಥ ನಮಗೆ ಎಲ್ಲಿಂದ ಬಂತು? ತಮಿಳಿನ ಕಡೆಯಿಂದ ಎಂದು ನನಗೆ ತೋರುತ್ತದೆ. ತಮಿಳು ಕಥೋಲಿಕರು ಈ ಸಂಸ್ಕಾರವನ್ನು ಹಿಂದೆ ಕರೆಯುತ್ತಿದ್ದದ್ದು "ಅವಸ್ತೈ ಪೂಸುದಲ್" ಎಂದು. ಪೂಸುದಲ್ ಎಂದರೆ ಹಚ್ಚುವುದು, ಲೇಪಿಸುವುದು. ತಮಿಳಿನಲ್ಲಿ ಅವಸ್ತೈ ಎಂದರೆ ತೊಂದರೆ, ಯಾತನೆ. ಸಾಯುವಾಗಿನ ಯಾತನೆಗೂ ಅದೇ ಪದ ನಿಂತಿತು. ನಮ್ಮ ಹಿರಿಯರು ಮನೆಯಲ್ಲಿ ಕನ್ನಡ ಆಡಿದರೂ ಜಪ, ಹಾಡು, ಧರ್ಮೋಪದೇಶ ಬಹಳ ಕಾಲ ತಮಿಳಿನಲ್ಲೇ ಕಲಿತವರು. ಪದ ಹಾಗೆಯೇ ನಮ್ಮ ಕನ್ನಡದೊಳಕ್ಕೆ ಬಂದು ಕುಳಿತಿತು. ನಮ್ಮ ಧರ್ಮಪ್ರಾಂತ್ಯದ ಮಲಯಾಳಿ ಕುಟುಂಬಗಳಲ್ಲಿ ವಿಚಾರಿಸಿದರೆ "ಅಂತ್ಯಕೂದಾಶ" ಎನ್ನುವ ಹಿರಿಯರು ಸಿಗುತ್ತಾರೆ. ಕೂದಾಶ ಎಂಬುದು ಸುರಿಯಾನಿ ಭಾಷೆಯ ಮಾತು, ಪವಿತ್ರಗೊಳಿಸುವುದು ಎಂದು ಅದರ ಅರ್ಥ. ಕನ್ನಡದ ಹಳೆಯ ಹೆಸರು ಅಂತ್ಯಾಭ್ಯಂಗ. ಮೂರು ಭಾಷೆಯವರೂ ಒಂದೇ ಕಡೆ ಹೆದರಿದ್ದಾರೆ. ಈಗ ತಮಿಳಿನಲ್ಲಿ "ನೋಯಿಲ್ ಪೂಸುದಲ್", ಮಲಯಾಳದಲ್ಲಿ "ರೋಗೀಲೇಪನಂ", ಕನ್ನಡದಲ್ಲಿ "ರೋಗಿಗಳ ಅಭ್ಯಂಗ" ಎಂದು ಬದಲಾಗಿದೆ. ಪುಸ್ತಕದಲ್ಲಿ ಬದಲಾದಷ್ಟು ಬಾಯಲ್ಲಿ ಬದಲಾಗಿಲ್ಲ.

ಅಭ್ಯಂಗ ಎಂಬ ಪದವನ್ನೂ ಒಮ್ಮೆ ಗಮನಿಸಿ. ದೀಪಾವಳಿಯಲ್ಲಿ ನೆರೆಮನೆಯವರು ಮಾಡುವುದು ಅಭ್ಯಂಗ ಸ್ನಾನ. ಬಾಣಂತಿಗೂ ಮಗುವಿಗೂ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಅದೇ, ಎಣ್ಣೆ ನೀವಿ ಬಿಸಿನೀರು ಹುಯ್ಯುವುದು. ನೋವಿಗೆ, ದಣಿವಿಗೆ, ಎಳೆಯ ಮೈಗೆ ಎಣ್ಣೆ. ಅದರ ಮುಂದೆ "ಅಂತ್ಯ" ಎಂದು ಸೇರಿಸಿದ್ದರಿಂದಲೇ ಮನೆಮಂದಿಯ ಎದೆ ನಡುಗುವಂತಾಯಿತು.

ಇನ್ನು ತಮಿಳಿನ "ಅವಸ್ತೈ" ಎಂಬ ಹೆಸರಿನ ಹಿಂದಿರುವ ಪದಕ್ಕೆ ಬರೋಣ. ಸಾಯುವವರ ಕೊನೆಯ ಯಾತನೆಗೆ ಲತೀನ್ ಭಾಷೆಯಲ್ಲಿ "ಅಗೋನಿಯ" ಎಂದು ಹೆಸರು. ಇಂಗ್ಲಿಷಿನ "ಅಗೋನಿ" ಅದರಿಂದಲೇ ಬಂತು. ಲತೀನಿಗೆ ಅದು ಗ್ರೀಕಿನಿಂದ ಬಂದದ್ದು. ಗ್ರೀಕಿನಲ್ಲಿ "ಅಗೋನ್" ಎಂದರೆ ಸ್ಪರ್ಧೆ: ಓಟ, ಕುಸ್ತಿ, ರಥದ ಪಂದ್ಯ. ಆ ಸ್ಪರ್ಧೆಯಲ್ಲಿ ಸೆಣಸುವುದು, ಸೆಣಸುವ ಮುಂಚೆ ಮೈಯೆಲ್ಲಾ ಬಿಗಿದು ಎದೆ ಹೊಡೆದುಕೊಳ್ಳುವುದು ಅಗೋನಿಯ. ಅಖಾಡಕ್ಕೆ ಇಳಿದವನ ಸ್ಥಿತಿ ಎನ್ನಬಹುದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಓಟಗಾರರ ಹೋಲಿಕೆ ಕೊಡುವಾಗ ಬಳಸುವುದು ಇದೇ ಬೇರಿನ ಕ್ರಿಯಾಪದವನ್ನು. ತಿಮೊಥೇಯನಿಗೆ ಬರೆದ ಎರಡನೇ ಪತ್ರದ 4ನೇ ಅಧ್ಯಾಯದಲ್ಲಿ ತಾನು ಒಳ್ಳೆಯ ಹೋರಾಟವನ್ನು ಹೋರಾಡಿದ್ದೇನೆ ಎಂಬ ಅರ್ಥದ ಮಾತು ಬರುತ್ತದಲ್ಲ, ಅಲ್ಲಿಯೂ ಇದೇ ಪದ.

ಆದರೆ "ಅಗೋನಿಯ" ಎಂಬ ರೂಪ ಹೊಸ ಒಡಂಬಡಿಕೆಯಲ್ಲಿ ಇರುವುದು ಒಂದೇ ಒಂದು ಕಡೆ. ಲೂಕರ ಶುಭಸಂದೇಶ 22:44. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸು ಪ್ರಾರ್ಥಿಸುತ್ತಾ ಬೆವರಿದ ಸಂದರ್ಭ. ಮಂಗಳವಾರ, ಶುಕ್ರವಾರ ಜಪಸರ ಮಾಡುವಾಗ ನಾವು ಧ್ಯಾನಿಸುವ ಮೊದಲನೇ ದುಃಖದ ರಹಸ್ಯ. ಅಂದರೆ ಸಾಯುವವರ ಯಾತನೆಗೆ ಕ್ರೈಸ್ತರು ಇಟ್ಟ ಹೆಸರು ಸ್ವಾಮಿಯ ಒಂದು ರಾತ್ರಿಯ ಹೆಸರು.

ಆ ವಚನದ ಹಿಂದಿನ ವಚನವನ್ನೂ ಓದಿ. 43ನೇ ವಚನದಲ್ಲಿ ಸ್ವರ್ಗದಿಂದ ದೂತನೊಬ್ಬ ಬಂದು ಪ್ರಭುವಿಗೆ ಬಲ ಕೊಡುತ್ತಾನೆ. 44ರಲ್ಲಿ ಅಗೋನಿಯ. ಬಲ ಮೊದಲು ಬರುತ್ತದೆ, ಹೋರಾಟ ಆಮೇಲೆ. ನಾನು ಎಷ್ಟು ಸಲ ಈ ಭಾಗವನ್ನು ಪವಿತ್ರ ಗುರುವಾರ ರಾತ್ರಿಯ ಆರಾಧನೆಯಲ್ಲಿ ಓದಿದ್ದೇನೋ, ಈ ಕ್ರಮವನ್ನು ಗಮನಿಸಿರಲಿಲ್ಲ. (ಕೆಲವು ಪುರಾತನ ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು ಇಲ್ಲ. ಬೈಬಲಿನ ಅಡಿಟಿಪ್ಪಣಿಯಲ್ಲಿ ಅದನ್ನು ಕಂಡವರು ಗಾಬರಿಯಾಗಬೇಕಾಗಿಲ್ಲ. ಎರಡನೇ ಶತಮಾನದ ಸಂತ ಜಸ್ಟಿನರಿಗೇ ಈ ಬೆವರಿನ ವಿಷಯ ತಿಳಿದಿತ್ತು.) ನಾವು ಅಜ್ಜಿಗೆ ಮಾಡಿದ್ದು ಇದರ ತಿರುಗುಮುರುಗು. ಹೋರಾಟವೆಲ್ಲ ಮುಗಿಯುತ್ತಾ ಬಂದಾಗ ಬಲಕ್ಕಾಗಿ ಓಡಿದೆವು.

ಮೈಸೂರಿನ ಗರಡಿಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜಟ್ಟಿ ಅಖಾಡಕ್ಕೆ ಇಳಿಯುವ ಮುಂಚೆ ಮೈಗೆ ಎಣ್ಣೆ ತಿಕ್ಕಿಸಿಕೊಂಡು ಸಜ್ಜಾಗುತ್ತಾನೆ. ಕೆಳಗೆ ಬಿದ್ದು ಎದುರಾಳಿ ಎದೆಯ ಮೇಲೆ ಕೂತ ಮೇಲೆ ಯಾರೂ ಎಣ್ಣೆ ತರುವುದಿಲ್ಲ. ಗ್ರೀಕರ ಕುಸ್ತಿಯಲ್ಲಿಯೂ ಹೀಗೆಯೇ, ಎಣ್ಣೆ ಹಚ್ಚಿಕೊಂಡೇ ಕಣಕ್ಕಿಳಿಯುತ್ತಿದ್ದರು. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ದೀಕ್ಷಾಸ್ನಾನದ ಎಣ್ಣೆಯನ್ನು ವಿವರಿಸುವಾಗ ಈ ಕುಸ್ತಿಪಟುವಿನ ಹೋಲಿಕೆಯನ್ನೇ ಕೊಟ್ಟರು.

ಸಂತ ಯಕೋಬರ ಪತ್ರದ 5ನೇ ಅಧ್ಯಾಯ, 14 ಮತ್ತು 15ನೇ ವಚನ ಈ ಸಂಸ್ಕಾರದ ಆಧಾರ. ನಿಮ್ಮಲ್ಲಿ ಯಾರಾದರೂ ಅಸ್ವಸ್ಥರಾದರೆ ಸಭೆಯ ಹಿರಿಯರನ್ನು ಕರೆಸಲಿ ಎಂದು ಅಲ್ಲಿದೆ. ಸಾಯುತ್ತಿದ್ದರೆ ಎಂದಿಲ್ಲ. ಕರೆಸುವವನು ರೋಗಿಯೇ. ಅಂದರೆ ಕರೆಸುವಷ್ಟು ಬುದ್ಧಿ, ಮಾತು ಅವನಿಗೆ ಇರುವ ಕಾಲ. ಪ್ರಭು ಅವನನ್ನು ಎಬ್ಬಿಸುವನು ಎಂಬಲ್ಲಿ ಬಳಸಿದ ಗ್ರೀಕ್ ಕ್ರಿಯಾಪದ ಯೇಸುವಿನ ಪುನರುತ್ಥಾನಕ್ಕೂ ಬಳಸಿದಂಥದ್ದೇ. ಹಾಸಿಗೆಯಿಂದ ಎಬ್ಬಿಸುವುದಕ್ಕೂ ಸಮಾಧಿಯಿಂದ ಎಬ್ಬಿಸುವುದಕ್ಕೂ ಒಂದೇ ಮಾತು. ಎರಡರಲ್ಲಿ ಯಾವುದಾದರೂ ಆಗಲಿ ಎಂದು ಬಿಟ್ಟ ಹಾಗಿದೆ.

ಮೊದಲ ಶತಮಾನಗಳಲ್ಲಿ ಈ ಎಣ್ಣೆಗೆ ಈಗಿನ ಭಯ ಇರಲಿಲ್ಲ. 416ರಲ್ಲಿ ಜಗದ್ಗುರು ಮೊದಲನೇ ಇನ್ನೊಸೆಂಟರು ಗುಬ್ಬಿಯೊ ಎಂಬ ಊರಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ತೈಲವನ್ನು ಶ್ರೀಸಾಮಾನ್ಯರೂ ತಮ್ಮ ಮತ್ತು ತಮ್ಮವರ ಕಾಯಿಲೆಯಲ್ಲಿ ಬಳಸಬಹುದು ಎಂದು ಹೇಳಿದ್ದಾರೆ. (ಈಗ ಆ ಪದ್ಧತಿ ಇಲ್ಲ. ಸಂಸ್ಕಾರವನ್ನು ಕೊಡುವ ಅಧಿಕಾರ ಗುರುಗಳಿಗೂ ಧರ್ಮಾಧ್ಯಕ್ಷರಿಗೂ ಮಾತ್ರ.) ಮಧ್ಯಯುಗದ ಯೂರೋಪಿನಲ್ಲಿ ಇದು ನಿಧಾನವಾಗಿ ಮರಣಶಯ್ಯೆಯ ಕಡೆಗೆ ಸರಿಯಿತು. ಹನ್ನೆರಡನೇ ಶತಮಾನದ ಹೊತ್ತಿಗೆ "ಎಕ್ಸ್‌ಟ್ರೀಮ ಉಂಕ್ಸಿಯೊ", ಕೊನೆಯ ಲೇಪನ ಎಂಬ ಹೆಸರು ನೆಲೆಯೂರಿತು. ಜನರಲ್ಲಿ ಎಂಥೆಂಥ ನಂಬಿಕೆ ಹುಟ್ಟಿತ್ತು ನೋಡಿ: ಈ ಎಣ್ಣೆ ಹಚ್ಚಿಸಿಕೊಂಡು ಅಕಸ್ಮಾತ್ ಬದುಕಿಕೊಂಡರೆ ಮತ್ತೆ ಮಾಂಸ ತಿನ್ನುವಂತಿಲ್ಲ, ಬರಿಗಾಲಲ್ಲಿ ನಡೆಯುವಂತಿಲ್ಲ, ಗಂಡ ಹೆಂಡತಿಯಾಗಿ ಬಾಳುವಂತಿಲ್ಲ. ಬದುಕಿದ್ದೂ ಸತ್ತವರ ಲೆಕ್ಕ. ಹೀಗಿದ್ದರೆ ಯಾರು ತಾನೇ ಬೇಗ ಕರೆಸುತ್ತಾರೆ? ಸಭೆಯ ಹಿರಿಯರು ಅಲ್ಲಲ್ಲಿ ಇದನ್ನು ಖಂಡಿಸಿದರೂ ಭಯ ಹೋಗಲಿಲ್ಲ. ನಮ್ಮ ದೊಡ್ಡಪ್ಪನ ಮಾತಿಗೆ ಎಂಟುನೂರು ವರ್ಷದ ವಯಸ್ಸಿದೆ ಎಂದು ಇದನ್ನು ಓದುವಾಗ ಅನ್ನಿಸಿತು.

1551ರ ನವೆಂಬರ್‌ನಲ್ಲಿ ಟ್ರೆಂಟ್ ಮಹಾಸಭೆ ಈ ವಿಷಯ ಚರ್ಚಿಸಿತು. ಕರಡಿನಲ್ಲಿ, ಮರಣಕ್ಕೆ ಸಮೀಪಿಸಿದವರಿಗೆ "ಮಾತ್ರ" ಎಂಬ ಪದ ಇತ್ತು. ಅದನ್ನು ತೆಗೆದು "ವಿಶೇಷವಾಗಿ" ಎಂದು ತಿದ್ದಿದರು. ಒಂದು ಪದದ ತಿದ್ದುಪಡಿ. ಆದರೆ ಬಾಗಿಲು ಮುಚ್ಚಿಹೋಗದಂತೆ ಕಾಲು ಅಡ್ಡ ಇಟ್ಟದ್ದು ಅದೇ. ಮುಂದೆ 1566ರ ರೋಮನ್ ಧರ್ಮೋಪದೇಶ, "ಕೊನೆಯ" ಎಂಬುದಕ್ಕೆ ಬೇರೆಯೇ ವಿವರಣೆ ಕೊಟ್ಟಿತು: ಒಬ್ಬ ಕ್ರೈಸ್ತನು ಪಡೆಯುವ ಪವಿತ್ರ ಲೇಪನಗಳಲ್ಲಿ ಇದು ಕೊನೆಯದು. ದೀಕ್ಷಾಸ್ನಾನದಲ್ಲಿ ಒಂದು, ದೃಢೀಕರಣದಲ್ಲಿ ಒಂದು, ಕೊನೆಗೆ ಇದು. ಕೊನೆ ಎಂಬುದು ಎಣ್ಣೆಗಳ ಸಾಲಿನಲ್ಲಿ ಎಂದರ್ಥ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನದ 73ನೇ ಭಾಗದಲ್ಲಿ, ರೋಗಿಗಳ ಅಭ್ಯಂಗ ಎಂಬ ಹೆಸರೇ ಹೆಚ್ಚು ಸೂಕ್ತ, ಇದು ಸಾವಿನ ಅಂಚಿಗೆ ತಲುಪಿದವರಿಗೆ ಮಾತ್ರ ಮೀಸಲಲ್ಲ ಎಂದು ಸ್ಪಷ್ಟಪಡಿಸಿತು. ಜಗದ್ಗುರು ಆರನೇ ಪೌಲರು 1972ರ ನವೆಂಬರ್ 30ರಂದು ಹೊಸ ವಿಧಿಯನ್ನು ಅಂಗೀಕರಿಸಿದರು. ಮುಂಚೆ ಕಣ್ಣು, ಕಿವಿ, ಮೂಗು, ಬಾಯಿ, ಕೈ, ಕಾಲುಗಳಿಗೆ ಹಚ್ಚುತ್ತಿದ್ದ ಎಣ್ಣೆಯನ್ನು ಈಗ ಹಣೆಗೂ ಅಂಗೈಗಳಿಗೂ ಹಚ್ಚುತ್ತಾರೆ. ಆಲಿವ್ ಎಣ್ಣೆ ಸಿಗದ ನಾಡುಗಳಲ್ಲಿ ಬೇರೆ ಸಸ್ಯಜನ್ಯ ಎಣ್ಣೆಯೂ ಆಗಬಹುದು ಎಂದರು.

ಹಾಗಾದರೆ ಯಾರು ಪಡೆಯಬಹುದು? ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯದ ಕಡೆಗೆ ಹೆಜ್ಜೆಯಿಟ್ಟ ಯಾರಾದರೂ. ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಮುಂಚೆ ಪಡೆಯಬಹುದು. ನಿಶ್ಶಕ್ತಿ ಹೆಚ್ಚಿದ ವೃದ್ಧರು ನಿರ್ದಿಷ್ಟ ರೋಗ ಇಲ್ಲದಿದ್ದರೂ ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ನಮ್ಮಲ್ಲೇ ಒಬ್ಬರು ಹಿರಿಯರು ಹೃದಯದ ಆಪರೇಷನ್‌ಗೆ ಹೊರಡುವ ಹಿಂದಿನ ಸಂಜೆ ಅಭ್ಯಂಗ ಪಡೆದು, ವಾಪಸ್ ಬಂದು, ಈ ವರ್ಷದ ಹಬ್ಬದಲ್ಲಿ ತೇರಿನ ಮುಂದೆ ನಿಂತು ನಮಗೆಲ್ಲ ಬೈದು ಕೆಲಸ ಮಾಡಿಸಿದ್ದನ್ನು ನೀವೂ ನೋಡಿದ್ದೀರಿ.

ಈಗ ನಿಜವಾಗಿ ಸಾವು ಸಮೀಪಿಸಿದಾಗ ಏನಾಗುತ್ತದೆ ಎಂಬುದನ್ನೂ ಸ್ವಲ್ಪ ಹೇಳಬೇಕು. ತಿಳಿಯದೇ ಇರುವುದರಿಂದಲೇ ಅರ್ಧ ಭಯ. ದೀರ್ಘ ಕಾಯಿಲೆಯಲ್ಲಿ ಕೊನೆಯ ವಾರಗಳಲ್ಲಿ ಊಟ, ನೀರು ತಾನಾಗಿ ಕಡಿಮೆಯಾಗುತ್ತದೆ, ನಿದ್ದೆ ಹೆಚ್ಚುತ್ತದೆ. ಕೊನೆಯ ದಿನಗಳಲ್ಲಿ ಕೈಕಾಲು ತಣ್ಣಗಾಗಿ, ಮೊಣಕಾಲು ಪಾದಗಳ ಚರ್ಮದಲ್ಲಿ ನೀಲಿಗಪ್ಪು ಮಚ್ಚೆಗಳು ಕಾಣಬಹುದು. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ನುಂಗುವ ಶಕ್ತಿ ಹೋಗಿ ಜೊಲ್ಲು, ಕಫ ಅಲ್ಲೇ ನಿಲ್ಲುವುದರಿಂದ ಆಗುವ ಸದ್ದು ಅದು. ಕೇಳುವ ನಮಗೆ ಆಗುವಷ್ಟು ಸಂಕಟ ರೋಗಿಗೆ ಅದರಿಂದ ಆಗುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಉಸಿರು ಒಮ್ಮೆ ಆಳವಾಗಿ, ಆಮೇಲೆ ಮೆಲ್ಲಗಾಗಿ, ಸ್ವಲ್ಪ ಹೊತ್ತು ನಿಂತೇಹೋಗಿ, ಮತ್ತೆ ಶುರುವಾಗುತ್ತದೆ. ನಮ್ಮವರು ಮೇಲುಸಿರು ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಡಬ್ಲಿನ್ ನಗರದ ಇಬ್ಬರು ವೈದ್ಯರು, ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ, ಇದನ್ನು ವಿವರಿಸಿದ್ದರಿಂದ ಚೇನ್-ಸ್ಟೋಕ್ಸ್ ಉಸಿರಾಟ ಎಂಬ ಹೆಸರು ಬಂತು. ಎಲ್ಲಕ್ಕಿಂತ ಕೊನೆಯಲ್ಲಿ ಬರುವ ಬಿಟ್ಟು ಬಿಟ್ಟು ಏದುವ ಉಸಿರಿಗೆ ವೈದ್ಯಶಾಸ್ತ್ರದಲ್ಲಿ "ಅಗೋನಲ್" ಉಸಿರು ಎನ್ನುತ್ತಾರೆ. ಮತ್ತೆ ಅದೇ ಗ್ರೀಕ್ ಪದ!

ಈ ಹೊತ್ತಿನಲ್ಲಿ ಬಾಯಿಗೆ ಒತ್ತಾಯವಾಗಿ ನೀರು ಹುಯ್ಯಬೇಡಿ. ಉಸಿರಿನ ನಾಳಕ್ಕೆ ಇಳಿಯುತ್ತದೆ. ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಸಾಕು. ಮತ್ತು ಮಾತಾಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೆದರೆ ಓಗೊಡದ ಸ್ಥಿತಿಗೆ ತಲುಪಿದ್ದ ರೋಗಿಗಳ ಮಿದುಳಿನ ಅಲೆಗಳನ್ನು ದಾಖಲಿಸಿದರು. ಕೊನೆಯ ಗಂಟೆಗಳಲ್ಲಿಯೂ ಕೆಲವರ ಮಿದುಳು ಧ್ವನಿಯ ಬದಲಾವಣೆಗೆ ಸ್ಪಂದಿಸುತ್ತಿತ್ತು. ಏನು ಕೇಳಿಸುತ್ತದೆ, ಎಷ್ಟು ತಿಳಿಯುತ್ತದೆ ಎಂಬುದು ಬೇರೆ ಪ್ರಶ್ನೆ. ಆದರೂ ಹಾಸಿಗೆಯ ಪಕ್ಕದಲ್ಲಿ ಜಮೀನಿನ ಪಾಲು ಮಾತಾಡುವುದಕ್ಕಿಂತ ನಮೋ ಮರಿಯ ಪ್ರಾರ್ಥನೆ ಹೇಳುವುದು ಎಲ್ಲ ರೀತಿಯಲ್ಲೂ ಮೇಲು.

ಆದರೆ ಸಾಯುವವರಿಗೆಂದೇ ಇರುವ ಸಂಸ್ಕಾರ ಯಾವುದು ಎಂದರೆ, ಅದು ಎಣ್ಣೆ ಅಲ್ಲ. ಇದನ್ನು ನಾನು ಈ ಹುಡುಕಾಟದಲ್ಲೇ ಸರಿಯಾಗಿ ಕಲಿತದ್ದು. ಅದು ಪರಮಪ್ರಸಾದ. ಕೊನೆಯ ಬಾರಿಗೆ ಸ್ವೀಕರಿಸುವ ಪರಮಪ್ರಸಾದಕ್ಕೆ "ವಿಯಾತಿಕುಮ್" ಎಂದು ಹೆಸರು. ಲತೀನಿನಲ್ಲಿ "ವಿಯ" ಎಂದರೆ ದಾರಿ. ರೋಮ್ ಸಾಮ್ರಾಜ್ಯದಲ್ಲಿ ದೂರ ಪ್ರಯಾಣ ಹೊರಡುವ ಅಧಿಕಾರಿಗೋ ಸೈನಿಕನಿಗೋ ಕೊಡುತ್ತಿದ್ದ ದಾರಿಖರ್ಚು, ದಾರಿಯ ಊಟ ಅದು. ಇದಕ್ಕೆ ಕನ್ನಡದಲ್ಲಿ ಹುಡುಕಬೇಕಾಗಿಯೇ ಇಲ್ಲ, ಬುತ್ತಿ ಎಂಬ ಪದ ಇದೆ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುವವರಿಗೆ ಬೆಳಗಿನ ಜಾವವೇ ಎದ್ದು ಅಜ್ಜಿ ಕಟ್ಟಿಕೊಡುತ್ತಿದ್ದ ಬುತ್ತಿ. 325ರ ನಿಸೇಯ ಮಹಾಸಭೆ ತನ್ನ 13ನೇ ನಿಯಮದಲ್ಲಿ, ಸಾಯುವವರಿಗೆ ಈ ದಾರಿಬುತ್ತಿಯನ್ನು ತಪ್ಪಿಸಬಾರದು ಎಂದು ಹೇಳಿದೆ. ಆಗಲೇ ಅದನ್ನು ಹಳೆಯ ಕಟ್ಟಳೆ ಎಂದು ಕರೆದಿದೆ. ಅರಸುಗಳ ಮೊದಲನೇ ಗ್ರಂಥದ 19ನೇ ಅಧ್ಯಾಯದಲ್ಲಿ ಎಲೀಯನು ಸಾವು ಬೇಡಿ ಮರದಡಿ ಮಲಗಿದಾಗ ದೂತ ಎಬ್ಬಿಸಿ ಉಣ್ಣಿಸಿದ್ದೂ, ಆ ಊಟದ ಬಲದಿಂದ ಅವನು ನಲವತ್ತು ದಿನ ನಡೆದದ್ದೂ ನಿಮಗೆ ಗೊತ್ತಿದೆ.

ಸಂತ ಅಂಬ್ರೋಸರ ಹೆಸರು ಮೇಲೆ ಬಂತಲ್ಲ, ಅವರ ಕೊನೆಯ ರಾತ್ರಿಯ ವಿಷಯವನ್ನು ಅವರ ಕಾರ್ಯದರ್ಶಿಯಾಗಿದ್ದ ಪೌಲಿನುಸ್ ಬರೆದಿಟ್ಟಿದ್ದಾರೆ. 397ರ ಏಪ್ರಿಲ್ 4, ಪಾಸ್ಖದ ಹಿಂದಿನ ದಿನ. ವೆರ್ಚೆಲ್ಲಿಯ ಧರ್ಮಾಧ್ಯಕ್ಷ ಹೊನೊರಾತುಸ್ ಅದೇ ಮನೆಯ ಮೇಲಂತಸ್ತಿನಲ್ಲಿ ಮಲಗಿದ್ದರು. ಬೇಗ ಏಳು, ಅವರು ಹೊರಡುವ ಹೊತ್ತಾಯಿತು ಎಂದು ಮೂರು ಸಲ ಯಾರೋ ಕರೆದಂತಾಯಿತು. ಇಳಿದು ಬಂದು ಪ್ರಭುವಿನ ಶರೀರವನ್ನು ಕೊಟ್ಟರು. ಅಂಬ್ರೋಸರು ಅದನ್ನು ಸ್ವೀಕರಿಸಿ ಪ್ರಾಣಬಿಟ್ಟರು. ಇದನ್ನು ಓದಿದಾಗ ನನಗೆ ಅಜ್ಜಿ ಕೇಳಿದ್ದು ನೆನಪಾಯಿತು. ನಮ್ಮ ಮನೆಯಲ್ಲಿ ಎರಡೇ ಸಲ ಕರೆದದ್ದು. ಅದೂ ಕನಸಿನಲ್ಲಲ್ಲ, ನೇರವಾಗಿ ನನ್ನ ಹೆಸರು ಹಿಡಿದು.

ಬುತ್ತಿ ಎಂದರೆ ಹೊರಡುವ ಮುಂಚೆ ಕಟ್ಟಬೇಕು, ನುಂಗುವ ಶಕ್ತಿ ಇರುವಾಗ. ಗಟ್ಟಿ ಪದಾರ್ಥ ಇಳಿಯದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೂ ಕೊಡಲು ಧರ್ಮಸಭೆಯ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಮುಂಚೆಯೇ ತಿಳಿಸಬೇಕು. ಅದೇ ದಿನ ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸಿದ್ದರೂ ಜೀವಾಪಾಯ ಬಂದರೆ ಮತ್ತೆ ಸ್ವೀಕರಿಸಬಹುದು. ಕ್ರಮ ಹೀಗೆ: ಪಾಪನಿವೇದನೆ, ಅಭ್ಯಂಗ, ಪರಮಪ್ರಸಾದ. ಮಾತು ನಿಂತ ಮೇಲೆ ಮೊದಲನೆಯದು ಹೋಯಿತು, ನುಂಗುವುದು ನಿಂತ ಮೇಲೆ ಮೂರನೆಯದು ಹೋಯಿತು. ನಡುವಿನದೊಂದು ಮಾತ್ರ ಉಳಿಯುತ್ತದೆ. ತಡವಾಗಿ ಕರೆಯುವವರು ಬಿಟ್ಟುಕೊಡುವುದು ಇಷ್ಟನ್ನು. ಹಾಗೆಂದು ತಡವಾಯಿತು ಎಂದು ಕರೆಯದೇ ಇರಬೇಡಿ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಸಂಶಯ ಇದ್ದರೂ ಅಭ್ಯಂಗ ಮಾಡಬೇಕೆಂದೇ ನಿಯಮ. ರಾತ್ರಿ ಎಷ್ಟು ಹೊತ್ತಾದರೂ ಸ್ವಾಮಿಯವರು ಬರುತ್ತಾರೆ. ಅವರ ಮನೆಮಾತು ಕನ್ನಡ ಅಲ್ಲದಿದ್ದರೂ ಅಭ್ಯಂಗದ ಪ್ರಾರ್ಥನೆಗಳನ್ನು ಕನ್ನಡದಲ್ಲಿ ಹೇಳಿಯೇ ಹೇಳುತ್ತಾರೆ.

ಸ್ವಾಮಿಯವರು ಬರುವುದರೊಳಗೆ ಮನೆಯವರು ಸುಮ್ಮನೆ ಕೂರಬೇಕಾಗಿಲ್ಲ. ಶಿಲುಬೆ, ಮೇಣದಬತ್ತಿ, ಬಿಳಿ ಬಟ್ಟೆ ಹಾಸಿದ ಒಂದು ಸ್ಟೂಲು ಸಾಕು. ಸಂತರ ಮನವಿಮಾಲೆ ಹೇಳಬಹುದು. ಆತ್ಮವನ್ನು ದೇವರಿಗೆ ಒಪ್ಪಿಸುವ ಪ್ರಾರ್ಥನೆಯನ್ನು, ಗುರುಗಳು ಇಲ್ಲದಾಗ, ನಾವೇ ನಡೆಸಬಹುದು. ಅದರ ಪ್ರತಿಗಳು ದೇವಾಲಯದ ಕಪಾಟಿನಲ್ಲಿವೆ. ಅದರಲ್ಲಿ ಕ್ರೈಸ್ತ ಆತ್ಮಕ್ಕೆ, ಈ ಲೋಕದಿಂದ ಹೊರಡು ಎಂದು ನೇರವಾಗಿ ಹೇಳುವ ಬಹಳ ಹಳೆಯ ಪ್ರಾರ್ಥನೆಯೊಂದಿದೆ. ನಮ್ಮ ಮನೆಗಳಲ್ಲಿ ಯಾರೂ "ಹೋಗ್ತೀನಿ" ಎನ್ನುವುದಿಲ್ಲ, "ಹೋಗ್ಬತ್ತೀನಿ" ಎನ್ನುತ್ತೇವೆ. ಹಾಗಾಗಿ ಮೊದಲ ಸಲ ಓದುವಾಗ ನಾಲಿಗೆ ತಡೆಯುತ್ತದೆ. ಓದಿ ಅಭ್ಯಾಸ ಮಾಡಿಕೊಳ್ಳಿ.

"ಸ್ಥಾ" ಧಾತುವಿನ ಬಗ್ಗೆ ಹೇಳಿದ್ದೆ. ಲತೀನ್ ಭಾಷೆಯಲ್ಲಿ ನಿಲ್ಲು ಎಂಬುದಕ್ಕೆ ಇರುವ ಪದವೂ ಇದೇ ಮೂಲದ್ದು. ಶಿಲುಬೆಯ ಹಾದಿಯಲ್ಲಿ ಹಾಡುವ ಪ್ರಸಿದ್ಧ ಗೀತೆಗೆ "ಸ್ತಾಬಾತ್ ಮಾತೆರ್" ಎಂದು ಹೆಸರು, ತಾಯಿ ನಿಂತಿದ್ದಳು ಎಂದರ್ಥ. ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಮಾತೆ ಮರಿಯ ಶಿಲುಬೆಯ ಬಳಿ ನಿಂತಿದ್ದರು ಎಂದು ಇದೆ. ಮಗನ ಅವಸ್ಥೆ ಮುಗಿಯಲಿ ಎಂದು ಹೊರಗೆ ಕಾಯಲಿಲ್ಲ.

ಹೋದ ಭಾನುವಾರ ಆ ಹುಡುಗಿಗೆ ನನ್ನ ಉತ್ತರ ತಿದ್ದಿ ಹೇಳಿದೆ. ಅವಸ್ಥೆ ಎಂದರೆ ಸಾಯುವುದಲ್ಲ, ಹೋರಾಟದಲ್ಲಿ ನಿಂತಿರುವುದು, ಎಣ್ಣೆ ಅದಕ್ಕಾಗಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ನಮ್ಮಜ್ಜಿಗೆ ಈಗ್ಲೇ ಕರಿಬೋದಾ ಅಣ್ಣಾ? ಅಜ್ಜಿಗೆ ಉಸಿರು ಕಟ್ಟತದೆ, ಮೆಟ್ಲು ಹತ್ತಕಾಗಲ್ಲ" ಎಂದಳು. ಮನೆಯಲ್ಲಿ ಅಜ್ಜಿಯನ್ನೇ ಕೇಳು ಎಂದು ಹೇಳಿ ಕಳಿಸಿದೆ. ಸಂಜೆ ಫೋನ್ ಬಂತು. ಅಜ್ಜಿ ಒಪ್ಪಿದ್ದಾರೆ. ಆದರೆ ಅವತ್ತು ಹೊಸ ಸೀರೆ ಉಡುತ್ತಾರಂತೆ, ಸ್ವಾಮಿಯವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲವಂತೆ.

ಮುಂದಿನ ತಿಂಗಳ ಮೊದಲ ಶುಕ್ರವಾರ ಸ್ವಾಮಿಯವರು ಅವರ ಮನೆಗೆ ಹೋಗುತ್ತಾರೆ. ಅದೇ ದಿನ ಬೇರೆ ಮನೆಗಳಿಗೂ ಬರುತ್ತೇವೆ ಎಂದಿದ್ದಾರೆ. ಹಾಸಿಗೆ ಹಿಡಿದವರು, ವಯಸ್ಸಾದವರು, ಆಪರೇಷನ್‌ಗೆ ದಿನ ಗೊತ್ತಾದವರು ಮನೆಯಲ್ಲಿದ್ದರೆ ಗುರುವಾರ ಸಂಜೆಯೊಳಗೆ ಯುವಜನರಲ್ಲಿ ಯಾರಿಗಾದರೂ ಹೆಸರು ಕೊಡಿ. ಹೆಸರು ಕೊಡುವ ಮುಂಚೆ ಅವರನ್ನೇ ಒಂದು ಮಾತು ಕೇಳಿ.